ನಿನ್ನೆಯ ಸಮುದ್ರ

ಮಾರ್ಚ್ ೧೨, ಗುರುವಾರ
ಬೆಳಗ್ಗೆ ಹನ್ನೊಂದು

ಪ್ರೀತಿಯ ಮೀನುಮರಿಗೆ,

ಅಪ್ಪನ ಮುದ್ದು, ಅಮ್ಮನ ಹುಸಿಮುನಿಸು ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ, ಬಿಡಿಸಿಕೋ. ಇಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡಮಂಡಿ ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ನಿನ್ನ ಕಾರ್ಡು ಬಂದು ಹನ್ನೊಂದು ದಿನವಾಯಿತು. ವರ್ಷವಿಡೀ ಅಂಚೆಯವನ ಸೈಕಲ್ಲಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದವನು, ಕಾರ್ಡು ಕೈಗೆ ಬಂದ ಮೇಲೆ ಹನ್ನೊಂದು ದಿನ ಸುಮ್ಮನಿದ್ದುಬಿಟ್ಟೆ. ನಿನಗೆ ಸಿಟ್ಟು ಬಂದಿದ್ದರೆ ನ್ಯಾಯವೇ. ಬರೆಯಲೇ ಇಲ್ಲ ಅಂದುಕೊಳ್ಳಬೇಡ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ನಿಮ್ಮಮ್ಮ ಕಸದ ಬುಟ್ಟಿ ನೋಡಿ, "ಮಗಳಿಗೆ ಕಾಗದ ಬರೀತಿದೀರೋ, ಗುಬ್ಬಿಗೆ ಗೂಡು ಕಟ್ತಿದೀರೋ?" ಅಂತ ಕೇಳಿದಳು.

ಅದಕ್ಕೇ ಇವತ್ತು ಮನೆಯಲ್ಲಿ ಕೂರದೆ, ಔಷಧಿ ಅಂಗಡಿಯ ಹಿಂದೆ ಸಮುದ್ರದ ನೀರು ಪರೀಕ್ಷಿಸುವ ನಮ್ಮ ಕೋಣೆಗೆ ಬಂದು ಬರೆಯುತ್ತಿದ್ದೇನೆ. ನೀನು ನೋಡಿದ್ದ ಹಾಗೇ ಇದೆ. ಕೈತೊಳೆಯುವ ತೊಟ್ಟಿ, ಎರಡು ಮೇಜು, ಕಾಲು ಕುಂಟುವ ಸ್ಟೂಲು, ಮೂಲೆಯಲ್ಲಿ ಕಾವುಪೆಟ್ಟಿಗೆ. ಪೆಟ್ಟಿಗೆ ನಲವತ್ತೊಂದು ಡಿಗ್ರಿಯಲ್ಲಿ ಗುಂಯ್ ಅನ್ನುತ್ತಿದೆ. ಅದರೊಳಗೆ ದಕ್ಷಿಣ ತೀರದಿಂದ ಬೆಳಗ್ಗೆ ತಂದ ನೀರು ಮಲಗಿದೆ. ಅದು ಏಳುವುದು ನಾಳೆ ಒಂಬತ್ತೂವರೆಗೆ. ಅಲ್ಲಿಯವರೆಗೆ ನಿನ್ನ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿಲ್ಲ.

ನಿನ್ನ ಕಾರ್ಡು ಇಲ್ಲೇ ಮೇಜಿನ ಮೇಲಿದೆ. ಒಂದು ಕಡೆ ಸೇತುವೆಯ ಚಿತ್ರ, ಇನ್ನೊಂದು ಕಡೆ ನಾಲ್ಕೇ ಸಾಲು. "ಏಪ್ರಿಲ್‌ನಲ್ಲಿ ಹತ್ತು ದಿನ ರಜೆ ಇದೆ. ಇಲ್ಲಿನ ಈಜುಕೊಳದಲ್ಲಿ ನನ್ನ ಹತ್ತಿರ ಕಲಿತ ಆರು ಮಕ್ಕಳು ಸಮುದ್ರದಲ್ಲಿ ಈಜಬೇಕು ಅಂತ ಹಟ ಹಿಡಿದಿವೆ. ಅಲ್ಲಿ ನೀರು ಹೇಗಿದೆ? ನೀವು ಹೇಳಿದರೆ ನಂಬುತ್ತೇನೆ." ಚಿಕ್ಕಂದಿನಿಂದ ನನ್ನನ್ನು 'ನೀನು' ಅನ್ನುತ್ತಿದ್ದವಳು, ಒಂದು ವರ್ಷ ಮಾತು ಬಿಟ್ಟು, ಈಗ 'ನೀವು' ಅಂದಿದ್ದೀಯ. ಕೊನೆಯ ಸಾಲು ಅದಕ್ಕಿಂತ ಹೆಚ್ಚು ನೋಯಿಸಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಬೆಳಗಿನ ಸುದ್ದಿ ಹೇಳಿಬಿಡುತ್ತೇನೆ. ಐದೂಮುಕ್ಕಾಲಿಗೆ ನಾನೂ ನರ್ಸಮ್ಮನೂ ದಕ್ಷಿಣ ತೀರಕ್ಕೆ ಹೋದೆವು. (ನಮ್ಮ ಏಳು ಜನ ಸ್ವಯಂಸೇವಕರಲ್ಲಿ ಬೇಗ ಏಳುವವರು ನಾವಿಬ್ಬರೇ. ಆಸ್ಪತ್ರೆಯಿಂದ ನಿವೃತ್ತರಾದರೂ ಅವರಿಗೆ ಬೆಳಗಿನ ಪಾಳಿಯ ಅಭ್ಯಾಸ ಹೋಗಿಲ್ಲ.) ಮಂಜು ಎಷ್ಟಿತ್ತೆಂದರೆ ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಅನ್ನುವುದೇ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು, ನಿಧಾನಕ್ಕೆ ಒಳಗೆ ನಡೆದೆವು. ನೀರು ಬೆಚ್ಚಗಿತ್ತು. ಸೊಂಟದ ಮಟ್ಟ ಬಂದಾಗ ನಿಂತೆವು. ತಳದ ಮರಳು ಕಲಕಿದ್ದು ಇಳಿಯಲಿ ಅಂತ ಒಂದೆರಡು ನಿಮಿಷ ಅಲ್ಲಾಡದೆ ನಿಲ್ಲಬೇಕಲ್ಲ, ಹಾಗೆ ನಿಂತೆವು. ಆ ಎರಡು ನಿಮಿಷಕ್ಕಾಗಿಯೇ ನಾನು ಈ ಕೆಲಸ ಹಿಡಿದದ್ದು ಅನ್ನಿಸುತ್ತದೆ ಒಮ್ಮೊಮ್ಮೆ. ಕಿವಿಗೆ ಏನೂ ಕೇಳುವುದಿಲ್ಲ. ಅಲೆ ಹೊಟ್ಟೆಯವರೆಗೆ ಬಂದು, ಇವನು ನಮ್ಮವನೇ ಅಂತ ಗುರುತು ಹಿಡಿದು, ಹಿಂದಕ್ಕೆ ಹೋಗುತ್ತದೆ. ನಾನು ಯಾರ ಅಪ್ಪ, ಯಾರ ಗಂಡ, ಎಲ್ಲಿ ಕೆಲಸ ಮಾಡಿದವನು ಎಲ್ಲ ಕರಗಿ ಹೋಗಿರುತ್ತದೆ.

ನರ್ಸಮ್ಮ ಬಾಟಲಿಯ ಮುಚ್ಚಳ ತೆಗೆದು, ಬಾಯಿ ಕೆಳಗೆ ಮಾಡಿ ನೀರಿಗೆ ಇಳಿಸಿ, ಬರುವ ಅಲೆಯ ಕಡೆಗೆ ತಿರುಗಿಸಿ ತುಂಬಿದರು. ಮುಚ್ಚಳವನ್ನು ಅಷ್ಟೂ ಹೊತ್ತು ಎಡಗೈಯಲ್ಲೇ ಹಿಡಿದಿದ್ದರು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. "ಏನ್ರೀ, ಇವತ್ತು ಬಾಟಲಿ ನನ್ ಕೈಗೆ ಕೊಟ್ಟಿದೀರಿ? ಸೂರ್ಯ ಎಲ್ಲಿ ಹುಟ್ತಾನೆ ನೋಡ್ಬೇಕು" ಅಂತ ನಕ್ಕರು. ಮಂಡಿ ನೋವು ಅಂದೆ. ನೀರು ತುಂಬುವುದಕ್ಕೂ ಮಂಡಿಗೂ ಏನು ಸಂಬಂಧ ಅಂತ ಅವರು ಕೇಳಲಿಲ್ಲ, ಪುಣ್ಯಕ್ಕೆ.

ಮನೆಗೆ ಹೋಗಿ ಬಟ್ಟೆ ಬದಲಿಸುವಾಗ ನಿಮ್ಮಮ್ಮ ಎಂದಿನಂತೆ, "ಹೇಗಿದೆ? ಸಮುದ್ರಕ್ಕೆ ಜ್ವರ ಏನಾದ್ರೂ ಬಂದಿದೆಯಾ?" ಅಂದಳು. ನಾಳೆ ಗೊತ್ತಾಗುತ್ತೆ ಅಂದೆ. "ನಾಳೆ ಗೊತ್ತಾದ್ರೆ ಏನು ಬಂತು? ಇವತ್ತು ಮುಳುಗೋರು ಇವತ್ತೇ ಮುಳುಗ್ತಾರೆ" ಅಂದಳು. ಅವಳ ಮಾತು ಸರಿಯೇ. ನೀರು ತಂದು, ಹತ್ತು ಪಾಲು ಶುದ್ಧ ನೀರು ಬೆರೆಸಿ ಉಪ್ಪಿಳಿಸಿ, ಕ್ರಿಮಿ ಬೆಳೆಸುವ ಪುಡಿ ಹಾಕಿ ಕುಲುಕಿ, ಐವತ್ತೊಂದು ಗುಳಿಗಳಿರುವ ತಟ್ಟೆಗೆ ಸುರಿದು, ತಟ್ಟೆಯ ಬೆನ್ನಿಗೆ ಬಿಸಿ ಮುಟ್ಟಿಸಿ ಗುಳಿಗಳ ಬಾಯಿ ಅಂಟಿಸಿ ಕಾವುಪೆಟ್ಟಿಗೆಯೊಳಗಿಟ್ಟರೆ, ಸಮುದ್ರ ಬಾಯಿ ಬಿಡುವುದು ಇಪ್ಪತ್ತನಾಲ್ಕು ಗಂಟೆಯ ನಂತರ. ಅಷ್ಟರಲ್ಲಿ ಆ ನೀರು ಎಲ್ಲಿಗೋ ಹೋಗಿರುತ್ತದೆ, ಬೇರೆ ನೀರು ಬಂದಿರುತ್ತದೆ. ನಮಗೆ ಗೊತ್ತಾಗುವುದು ಯಾವಾಗಲೂ ನಿನ್ನೆಯ ಸಮುದ್ರ.

ಒಂದು ವಿಚಿತ್ರ ಗೊತ್ತಾ? ಹೊಲಸಿನ ಕ್ರಿಮಿ ಇದ್ದ ಗುಳಿ ನೇರಳೆ ದೀಪದ ಕೆಳಗೆ ನೀಲಿಯಾಗಿ ಬೆಳಗುತ್ತದೆ. ನೀರು ಕೊಳಕಾದಷ್ಟೂ ತಟ್ಟೆ ಚೆಂದ. ಮೋರಿ ಕಡಲಿಗೆ ಬೀಳುವ ಜಾಗದ ತಟ್ಟೆಯಂತೂ ಪ್ರತಿ ವಾರ ಜಾತ್ರೆಯ ಹಾಗೆ ಬೆಳಗುತ್ತದೆ. ಶುದ್ಧ ನೀರಿನ ತಟ್ಟೆ ಬರೀ ಕತ್ತಲು. ಹತ್ತು ಗುಳಿ ಮೀರಿ ಬೆಳಗಿದರೆ ಆ ತೀರಕ್ಕೆ ಕೆಂಪು ಹಲಗೆ, ಈಜುವ ಹಾಗಿಲ್ಲ. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತಿದೆ.

ಹೋದ ವರ್ಷ ಇದೇ ತಿಂಗಳು. ನೀರೆಂದರೆ ಹೆದರುವ ಮಕ್ಕಳಿಗಾಗಿಯೇ ದಕ್ಷಿಣ ತೀರದಲ್ಲಿ ಈಜಿನ ತರಗತಿ ತೆರೆಯುವುದು ನಿನ್ನ ಎಷ್ಟು ವರ್ಷದ ಕನಸು. ಇಪ್ಪತ್ತೆರಡು ಮಕ್ಕಳು ಹೆಸರು ಕೊಟ್ಟಿದ್ದರು. ಇಪ್ಪತ್ತೆರಡು ಟೋಪಿಗಳಿಗೆ ನಿಮ್ಮಮ್ಮ ಹಳದಿ ಬಟ್ಟೆಯ ಮೀನು ಹೊಲಿದಿದ್ದಳು. ಶನಿವಾರ ಮೊದಲ ತರಗತಿ. ಗುರುವಾರ ನಾನು ಎಂದಿನಂತೆ ದಕ್ಷಿಣ ತೀರದಲ್ಲಿ ಒಂದು ಬಾಟಲಿ, ಮೋರಿಯ ಬಾಯಲ್ಲಿ ಒಂದು ಬಾಟಲಿ ನೀರು ಹಿಡಿದೆ. ಆವತ್ತು ಒಬ್ಬನೇ ಇದ್ದೆ, ನರ್ಸಮ್ಮನಿಗೆ ನೆಗಡಿ.

ಶುಕ್ರವಾರ ತಟ್ಟೆ ತೆಗೆದರೆ ದಕ್ಷಿಣ ತೀರದ್ದು ನಲವತ್ತೇಳು. ಮೋರಿಯದ್ದು ಎರಡು. ಎರಡೇ ಎರಡು! ನರ್ಸಮ್ಮ ಮೂಗು ಒರೆಸಿಕೊಳ್ಳುತ್ತಾ, "ಇದೇನ್ರೀ, ಉಲ್ಟಾ ಆದ ಹಾಗಿದೆಯಲ್ಲ?" ಅಂದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಬುಧವಾರ ಗಾಳಿ ತಿರುಗಿತ್ತು, ಹರಿವು ಮೋರಿಯ ಹೊಲಸನ್ನೆಲ್ಲ ದಕ್ಷಿಣಕ್ಕೆ ತಳ್ಳಿದೆ, ಮೋರಿಯ ಬಾಯಿಗೆ ಹೊರಗಿನ ತಿಳಿನೀರು ಬಂದಿದೆ ಅಂತ ಕಾಗದದ ಮೇಲೆ ಬಾಣದ ಗುರುತು ಹಾಕಿ ವಿವರಿಸಿದೆ. ಎಲ್ಲರೂ ತಲೆದೂಗಿದರು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕೂತು ಬೇರೆಯವರ ಕರಡು ತಿದ್ದಿದವನು ನಾನು. ನನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆ ಆಚೆ ಹೋಗಿಲ್ಲ ಅನ್ನುವ ಹಮ್ಮು ಇತ್ತಲ್ಲ.

ಹಲಗೆಯನ್ನು ನಾನೇ ಹೊತ್ತು ತಂದು ನೆಟ್ಟೆ. ನೀನು ಓಡಿ ಬಂದೆ. ಕೊರಳಲ್ಲಿ ಹೊಸ ಸೀಟಿ, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಪ್ಪಾ, ಇನ್ನೊಂದು ಸಲ ನೋಡು. ಎಲ್ಲೋ ಏನೋ ತಪ್ಪಾಗಿದೆ. ನಾನು ದಿನಾ ಈ ನೀರಲ್ಲೇ ಇರ್ತೀನಿ, ನಂಗೆ ಗೊತ್ತಾಗಲ್ವಾ?" ಅಂದೆ. ನಾನು ಏನಂದೆ ಅಂತ ನಿನಗೆ ನೆನಪಿದೆ. "ನಾನು ತಪ್ಪು ಹಿಡಿಯೋನು ಕಣೆ, ತಪ್ಪು ಮಾಡೋನಲ್ಲ." ಸುತ್ತ ನಿಂತಿದ್ದ ನಾಲ್ಕು ಜನ ಅದನ್ನು ಕೇಳಿಸಿಕೊಂಡರು. ನೀನು ಹಲಗೆಯ ಕಂಬವನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದವಳು, ಬಿಟ್ಟು ಹೊರಟುಹೋದೆ.

ಸೋಮವಾರ ಹಲಗೆ ಇಳಿಯಿತು. ಮತ್ತೆ ತಂದ ನೀರು ಚೊಕ್ಕವಾಗಿತ್ತು. ಆದರೆ ಮೊಬೈಲಿನಿಂದ ಮೊಬೈಲಿಗೆ ಹೋದ ಆ ಹಲಗೆಯ ಚಿತ್ರ ಇಳಿಯಲಿಲ್ಲ. ಒಬ್ಬ ತಾಯಿ ನಮ್ಮ ಮನೆಯ ಬಾಗಿಲಿಗೇ ಬಂದು, "ಸ್ವಂತ ಅಪ್ಪನೇ ಬೇಡ ಅಂದ್ಮೇಲೆ ನಾವು ಹೇಗೆ ಕಳಿಸೋದು, ನೀವೇ ಹೇಳಿ" ಅಂದು ಟೋಪಿ ವಾಪಸು ಕೊಟ್ಟು ಹೋದಳು. ಹದಿನೈದು ದಿನದಲ್ಲಿ ಇಪ್ಪತ್ತೆರಡು ಟೋಪಿಯೂ ವಾಪಸು ಬಂದವು. ಆ ತಿಂಗಳ ಕೊನೆಗೆ ನೀನು ದೂರದ ಊರಿನ ಈಜುಕೊಳದಲ್ಲಿ ಕೆಲಸ ಹಿಡಿದು ಹೋದೆ. ಅಲ್ಲಿಯ ನೀರಿನಲ್ಲಿ ಔಷಧಿಯ ವಾಸನೆ, ಸಮುದ್ರದಲ್ಲಿ ಬೆಳೆದ ನಿನಗೆ ಅದು ಹೇಗೆ ಒಗ್ಗಿತೋ.

ನನಗೆ ಮಾತ್ರ ಮರ್ಯಾದೆಯೋ ಮರ್ಯಾದೆ. "ಮಗಳು ಅಂತಾನೂ ನೋಡ್ಲಿಲ್ಲ ನೋಡಿ" ಅಂತ ಬೇಕರಿಯವನು ಎದ್ದು ನಿಂತು ಕೈ ಕುಲುಕಿದ. ಹೊಸ ಸ್ವಯಂಸೇವಕರಿಗಾಗಿ ಅಚ್ಚು ಹಾಕಿಸಿದ ಕರಪತ್ರದಲ್ಲಿ ನನ್ನ ಫೋಟೋ, ಕೆಳಗೆ 'ಸ್ವಂತ ಮಗಳಾದರೂ ಸರಿ, ನೀರು ಮೊದಲು' ಅಂತ ದಪ್ಪಕ್ಷರ. ಕರಡು ತಿದ್ದಲು ನನಗೇ ಕೊಟ್ಟಿದ್ದರು. ಎಲ್ಲೋ ಒಂದು ಅಲ್ಪವಿರಾಮ ಹೆಚ್ಚಾಗಿತ್ತು, ತೆಗೆದೆ. ಅಷ್ಟೇ ತಿದ್ದಿದೆ.

ಹೊಸಬರು ಈಗ ನನಗೆ ಇಟ್ಟಿರುವ ಹೆಸರು 'ಮುಚ್ಚಳದ ತಾತ'. ಯಾಕೆ ಅಂದರೆ, ಬಂದವರಿಗೆಲ್ಲ ನಾನು ಮೊದಲು ಹೇಳುವ ಪಾಠ ಅದೊಂದೇ: "ಜಾಗದ ಹೆಸರನ್ನ ಬಾಟಲಿಯ ಮೈಮೇಲೆ ಬರೀರಿ, ಮುಚ್ಚಳದ ಮೇಲೆ ಬರೀಬೇಡಿ, ಬಾಟಲಿ ಒದ್ದೆ ಇದ್ರೆ ಒರೆಸಿ ಬರೀರಿ, ಎರಡು ಬಾಟಲಿ ಒಟ್ಟಿಗೆ ತೆರೀಬೇಡಿ." ದಿನಕ್ಕೆ ಹತ್ತು ಸಲ ಹೇಳುತ್ತೇನಂತೆ. ಹೋದ ವಾರ ಒಬ್ಬಳು, "ತಾತ, ನಿದ್ದೇಲೂ ಇದನ್ನೇ ಹೇಳ್ತೀರಾ?" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿದ್ದೆಯಲ್ಲಿ ಹೇಳುವುದಿಲ್ಲ. ನಿದ್ದೆಯಲ್ಲಿ ಬರುವುದು ಬೇರೆ. ಈಗ ತಾನೇ, ಈ ಸಾಲಿಗಿಂತ ಮೊದಲು, ಮೇಜಿಗೆ ತಲೆಯಿಟ್ಟು ಹತ್ತು ನಿಮಿಷ ಮಂಪರಿನಲ್ಲಿದ್ದೆ. ಸಮುದ್ರಕ್ಕೆ ಸಮುದ್ರವೇ ಗುಳಿ ಗುಳಿಯಾಗಿ ನೀಲಿಯಾಗಿ ಬೆಳಗುತ್ತಿತ್ತು. ನೀನು ನಾಲ್ಕು ವರ್ಷದವಳು, ಅದರ ಮೇಲೆ ಗುಳಿಯಿಂದ ಗುಳಿಗೆ ಕುಪ್ಪಳಿಸುತ್ತಾ ಎಣಿಸುತ್ತಿದ್ದೆ. ಎರಡರ ನಂತರ ಮೂರು ಬರಲೇ ಇಲ್ಲ. ಒಂದು, ಎರಡು, ಮತ್ತೆ ಒಂದು, ಎರಡು. "ಮುಂದೆ ಹೇಳಪ್ಪ" ಅಂದೆ. ನಾನು ಬಾಯಿ ತೆರೆದರೆ ಬಾಯ್ತುಂಬ ಉಪ್ಪುನೀರು. ಕಾವುಪೆಟ್ಟಿಗೆಯ ಸದ್ದಿಗೆ ಎಚ್ಚರವಾಯಿತು.

ನಿಮ್ಮಮ್ಮ ಊಟಕ್ಕೆ ಕಾಯುತ್ತಿರುತ್ತಾಳೆ. ತಟ್ಟೆ ಒಳಗಿದೆ. ನಾಳೆ ಮುಂದುವರಿಸುತ್ತೇನೆ.

ಮಾರ್ಚ್ ೧೩, ಶುಕ್ರವಾರ
ಬೆಳಗ್ಗೆ ಹತ್ತು

ಮೂರು.

ನರ್ಸಮ್ಮ ಪರದೆ ಎಳೆದು ದೀಪ ಹಾಕಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಬಿಡ್ರೀ ಕಣ್ಣು, ಏನು ಪರೀಕ್ಷೆಯ ಫಲಿತಾಂಶವಾ ಇದು" ಅಂದರು. ಬಿಟ್ಟೆ. ಇಷ್ಟಗಲ ಕತ್ತಲಲ್ಲಿ ಮೂರೇ ಗುಳಿ ಬೆಳಗುತ್ತಿದ್ದವು. ಎರಡು ಅಕ್ಕಪಕ್ಕ, ಒಂದು ದೂರದಲ್ಲಿ ತನ್ನ ಪಾಡಿಗೆ. ಅವರೂ ಎಣಿಸಿದರು, ನಾನೂ ಎಣಿಸಿದೆ. ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆಸಿದೆ, ಅವರದ್ದೇ ಸಹಿ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ನೀರು ಚೆನ್ನಾಗಿದೆ. ಈ ಮೂರು ತಿಂಗಳಲ್ಲಿ ದಕ್ಷಿಣ ತೀರಕ್ಕೆ ಒಮ್ಮೆಯೂ ಕೆಂಪು ಹಲಗೆ ಬಿದ್ದಿಲ್ಲ. ಮುಂದಿನ ತಿಂಗಳ ನೀರಿನ ಮಾತು ಮುಂದಿನ ತಿಂಗಳೇ ಹೇಳಬೇಕು. ನೀವು ಬರುವ ಹಿಂದಿನ ದಿನ ನರ್ಸಮ್ಮನೇ ನೀರು ಹಿಡಿದು, ತಟ್ಟೆ ಕಾಯಿಸಿ, ಅಂಕಿ ನಿನಗೆ ನೇರವಾಗಿ ತಿಳಿಸುತ್ತಾರೆ. ಒಪ್ಪಿಕೊಂಡಿದ್ದಾರೆ. ಮಕ್ಕಳನ್ನು ಬೆಳಗ್ಗೆ ಬೇಗ ಇಳಿಸು, ಹತ್ತು ಗಂಟೆಯ ನಂತರ ಗಾಳಿ ಏಳುತ್ತದೆ. ಬಂಡೆಯ ಪಕ್ಕ ಮರಳು ಕೊರೆದು ಆಳವಾಗಿದೆ, ಆ ಕಡೆ ಬೇಡ. ಟೋಪಿಗಳನ್ನು ನಿಮ್ಮಮ್ಮ ಎಸೆದಿಲ್ಲ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡೂ ಇವೆ. ನಿನ್ನೆ ರಾತ್ರಿ ಊಟದ ಹೊತ್ತಿಗೆ ನಿನ್ನ ಕಾರ್ಡನ್ನು ಅವಳಿಗೆ ಓದಿ ಹೇಳಿದೆ. ಹನ್ನೊಂದು ದಿನ ಮುಚ್ಚಿಟ್ಟಿದ್ದಕ್ಕೆ ಬೈಸಿಕೊಂಡೆ. ಆಮೇಲೆ ಅವಳು ಎದ್ದು ಹೋಗಿ ಪೆಟ್ಟಿಗೆ ಎಳೆದು, ಆರು ಟೋಪಿ ಬೇರೆ ತೆಗೆದು ನೆನೆಹಾಕಿದಳು. ಈಗ ಬಾಲ್ಕನಿಯ ತಂತಿಯ ಮೇಲೆ ಆರು ಹಳದಿ ಮೀನು ಒಣಗುತ್ತಿವೆ.

ನಿನ್ನ ಕಾರ್ಡಿನ ಕೊನೆಯ ಸಾಲಿನ ಬಗ್ಗೆ ಆಮೇಲೆ ಹೇಳುತ್ತೇನೆ ಅಂದಿದ್ದೆ. ನಾನು ಹೇಳಿದರೆ ನಂಬುತ್ತೇನೆ ಅಂತ ಬರೆದಿದ್ದೀಯ. ಈ ಕಾಗದ ಪೂರ್ತಿ ಓದಿದ ಮೇಲೆ ನಂಬುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಬರುತ್ತೀಯೋ ಇಲ್ಲವೋ, ಅದೂ ನಿನಗೆ ಬಿಟ್ಟದ್ದು. ಬರದಿದ್ದರೆ ಟೋಪಿಗಳನ್ನು ಪಾರ್ಸೆಲ್ ಮಾಡುತ್ತೇನೆ. ಬಂದರೆ, ಬಾಗಿಲು ತೆಗೆಯಲು ನಿಮ್ಮಮ್ಮನನ್ನೇ ಕಳಿಸುತ್ತೇನೆ. ನನ್ನ ಮುಖ ಎಷ್ಟು ಹೊತ್ತಿಗೆ ನೋಡಬೇಕು ಅನ್ನಿಸುತ್ತದೋ ಅಷ್ಟು ಹೊತ್ತಿಗೆ ಕರೆ.

ಎಲ್ಲೇ ಇರು, ನಿನ್ನ ಕಾಲಿಗೆ ತಳ ಸಿಗಲಿ, ಸಿಗದ ಕಡೆ ತೋಳಿಗೆ ಬಲ ಬರಲಿ. ನಿನ್ನ ಆರು ಮಕ್ಕಳಿಗೂ ಈ ತಾತನ ಆಶೀರ್ವಾದ ಹೇಳು.

ನಿನ್ನ,
ಅಪ್ಪ

ವಿ.ಸೂ.: ಹಳೆಯ ಪುಸ್ತಕಗಳ ಕೊನೆಯಲ್ಲಿ ನಾವು 'ತಪ್ಪು–ಒಪ್ಪು' ಅಂತ ಒಂದು ಚೀಟಿ ಅಂಟಿಸುತ್ತಿದ್ದೆವು, ನೀನು ಚಿಕ್ಕವಳಿದ್ದಾಗ ಅದಕ್ಕೆ ಅಂಟು ಸವರುತ್ತಿದ್ದೆ. ಇದು ಅದು. ಆ ಗುರುವಾರ ಬಾಟಲಿಗಳು ಬೆವೆತು ಪೆನ್ನು ಹಿಡಿಯಲಿಲ್ಲ ಅಂತ ನಾನು ಜಾಗದ ಹೆಸರನ್ನು ಮುಚ್ಚಳಗಳ ಮೇಲೆ ಬರೆದೆ. ಎರಡೂ ಬಾಟಲಿ ಕಂಠಮಟ್ಟ ತುಂಬಿದ್ದವು, ಮೇಲೆ ಗಾಳಿಗೆ ಜಾಗ ಬಿಡಬೇಕು. ಮರಳಿನ ಮೇಲೆ ಕೂತು ಎರಡನ್ನೂ ಒಟ್ಟಿಗೆ ತೆರೆದು ಸ್ವಲ್ಪ ಸ್ವಲ್ಪ ಚೆಲ್ಲಿದೆ. ಆಗ ನೀನು ದೂರದ ನೀರಿನಿಂದ ಕೈಯೆತ್ತಿ, "ಅಪ್ಪಾ, ನಾಡಿದ್ದು!" ಅಂತ ಕೂಗಿದೆ. ನಾನು ನಿನ್ನನ್ನೇ ನೋಡುತ್ತಾ ಮುಚ್ಚಳ ತಿರುಗಿಸಿದೆ. ಯಾವುದಕ್ಕೆ ಯಾವುದು ಅಂತ ನೋಡಲಿಲ್ಲ. ಅಷ್ಟಾಗಿದ್ದರೆ ಬರೀ ತಪ್ಪು. ಶುಕ್ರವಾರ ಮಧ್ಯಾಹ್ನ ಬಾಟಲಿ ತೊಳೆಯುವಾಗ, 'ದಕ್ಷಿಣ' ಅಂತ ಬರೆದ ಮುಚ್ಚಳವಿದ್ದ ಬಾಟಲಿಯ ತಳದಲ್ಲಿ ಮೋರಿಯ ಕಪ್ಪು ಕೆಸರು ಕೂತಿತ್ತು. ಹಲಗೆ ನೆಟ್ಟು ಎರಡು ಗಂಟೆಯೂ ಆಗಿರಲಿಲ್ಲ. ನರ್ಸಮ್ಮ ನನಗೆ ಬೆನ್ನು ಮಾಡಿ ನಿಂತಿದ್ದರು. ಕರೆದು ತೋರಿಸಬಹುದಿತ್ತು. ಓಡಿ ಹೋಗಿ ಹಲಗೆ ಕೀಳಬಹುದಿತ್ತು. ಎಲ್ಲರ ಮುಂದೆ ಆಡಿದ ಆ ಮಾತನ್ನು ನುಂಗಲಾಗದೆ, ನಲ್ಲಿ ತಿರುಗಿಸಿ ತೊಳೆದುಬಿಟ್ಟೆ. ಇದರ ಇನ್ನೊಂದು ಪ್ರತಿಯನ್ನು ನರ್ಸಮ್ಮನ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ, ಏಳು ಜನರೂ ಓದಲಿ, ಆ ಕರಪತ್ರ ಹರಿಯಲಿ.

ತಪ್ಪು: ದಕ್ಷಿಣ ತೀರ, ನಲವತ್ತೇಳು.
ಒಪ್ಪು: ದಕ್ಷಿಣ ತೀರ, ಎರಡು. ಅವತ್ತು ನಿನ್ನ ನೀರು ಇವತ್ತಿಗಿಂತಲೂ ತಿಳಿಯಾಗಿತ್ತು, ಮಗಳೇ.